ಉಳಿದಿರುವ ಬಹುಮಾನ

ಇವತ್ತು ಗ್ಯಾಸ್ ಸ್ಟೇಷನ್‌ನಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು ಸ್ಕ್ರ್ಯಾಚ್ ಟಿಕೆಟ್ (ಮೇಲಿನ ಪದರ ಉಜ್ಜಿ ಬಹುಮಾನ ನೋಡುವ ಲಾಟರಿ ಟಿಕೆಟ್) ಕೇಳುವ ಮೊದಲು ಫೋನ್ ತೆಗೆದರು. ಟೆಕ್ಸಸ್ ಲಾಟರಿಯ ಪಟ್ಟಿ. ಯಾವ ಆಟದಲ್ಲಿ, ಅಂದರೆ ಯಾವ ಬಗೆಯ ಟಿಕೆಟ್‌ನಲ್ಲಿ, ದೊಡ್ಡ ಬಹುಮಾನ ಇನ್ನೂ ಉಳಿದಿದೆ ಅಂತ ಬೆರಳಿಟ್ಟು ನೋಡಿದರು. ಮಿಂಚುವ ಹೊಸ ಟಿಕೆಟ್ ಬಿಟ್ಟು ಮೂಲೆಯಲ್ಲಿದ್ದದ್ದನ್ನು ಕೇಳಿದರು.

ನನಗೆ ತುಂಬಾ ಇಷ್ಟವಾಯಿತು.

ದೊಡ್ಡ ಬಹುಮಾನವೆಲ್ಲ ಯಾರೋ ಗೆದ್ದುಕೊಂಡು ಹೋದ ಮೇಲೂ ಟಿಕೆಟ್ ಮಾರಾಟಕ್ಕೆ ಇರಬಹುದು. ಬೆಲೆ ಮಾತ್ರ ಮೊದಲಿನಷ್ಟೇ! ಇನ್ನು ಹಿಂಬದಿಯಲ್ಲಿ 'ನಾಲ್ಕಕ್ಕೆ ಒಂದು ಗೆಲುವು' ಅಂತ ಇದ್ದರೆ, 5 ಡಾಲರ್ ಕೊಟ್ಟು ಅದೇ 5 ಡಾಲರ್ ವಾಪಸ್ ಬಂದರೂ ಅದು ಗೆಲುವಿನ ಲೆಕ್ಕವೇ. ಕೊಳ್ಳುವವರಿಗೆ ಇದು ಗೊತ್ತಿರಬೇಕು, ಅಲ್ವಾ? ದುಬಾರಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ವಾಪಸ್ ಬರುವ ಪಾಲು ಜಾಸ್ತಿ. ಆದರೂ ಒಟ್ಟು ಲೆಕ್ಕದಲ್ಲಿ ಹಾಕಿದ್ದಷ್ಟು ಬರುವುದಿಲ್ಲ.

2003ರಲ್ಲಿ ಕೆನಡಾದ ಟೊರೊಂಟೊದ ಮೋಹನ್ ಶ್ರೀವಾಸ್ತವ ಅನ್ನುವ ಸಂಖ್ಯಾಶಾಸ್ತ್ರಜ್ಞರು ಒಂದು ಆಟದ ಗುಟ್ಟು ಹಿಡಿದಿದ್ದರು. ಉಜ್ಜುವ ಮೊದಲೇ ಕಾಣುವ ಅಂಕಿಗಳಲ್ಲಿ, ಟಿಕೆಟ್‌ನಲ್ಲಿ ಒಂದೇ ಸಲ ಬಂದಂಥ ಮೂರು ಅಂಕಿ ಒಂದೇ ಸಾಲಿನಲ್ಲಿ ಇದ್ದರೆ ಹೆಚ್ಚುಕಮ್ಮಿ ಗೆಲುವು ಖಚಿತ. ಅವರು ಸುಮ್ನೆ ಕೊಳ್ಳುತ್ತಾ ಕೂರಲಿಲ್ಲ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಲಾಟರಿಯವರಿಗೇ ತಿಳಿಸಿದರು. ಆ ಆಟ ಅಂಗಡಿಗಳಿಂದ ಹೋಯಿತು.