ಗೈರೋಗೆ ಸೊನ್ನೆ ತೋರಿಸುವ ಕೆಲಸ

ಗೇಮ್ ಕಂಟ್ರೋಲರ್‌ಗೆ ಹೊರಗಿನಿಂದ ಸಿಕ್ಕಿಸುವ ಮೋಷನ್ ಸೆನ್ಸರ್ ಮಾಡ್ಯೂಲ್‌ಗಳಿಗೆ ಫರ್ಮ್‌ವೇರ್ (ಒಳಗಿನ ಚಿಪ್ ನಡೆಸುವ ಪ್ರೋಗ್ರಾಂ) ಬರೆಯುವುದು ನನ್ನ ಕೆಲಸ. ಹಾಗಂತ ಹೇಳಿದ ಕೂಡಲೇ ಜನ ಕೇಳುವುದು ಚಲನೆಯ ಬಗ್ಗೆ. ಕೈ ಎಷ್ಟು ಜೋರಾಗಿ ಬೀಸಬಹುದು, ಎಷ್ಟು ಸಣ್ಣ ತಿರುವನ್ನು ಅದು ಹಿಡಿಯುತ್ತದೆ, ಹೀಗೆ. ನಮ್ಮ ತಂಡದ ಹೆಚ್ಚಿನ ಹೊತ್ತು ಹೋಗುವುದು ಮಾತ್ರ ಕಂಟ್ರೋಲರ್ ಅಲುಗಾಡದೆ ಇರುವ ಹೊತ್ತನ್ನು ಅರ್ಥ ಮಾಡಿಕೊಳ್ಳುವುದರಲ್ಲಿ. ಬೀಸಿದಾಗ ಯಾವ ಸೆನ್ಸರ್ ಆದರೂ ಏನೋ ಒಂದು ಹೇಳುತ್ತದೆ, ಆಟಗಾರನೂ ತೃಪ್ತನಾಗಿರುತ್ತಾನೆ. ಕೈ ನಿಂತ ಮೇಲೂ ತೆರೆಯ ಮೇಲಿನ ನೋಟ ಮೆಲ್ಲಗೆ ಒಂದು ಕಡೆ ಜಾರುತ್ತಿದ್ದರೆ ಐದು ನಿಮಿಷದಲ್ಲಿ ಆ ಮಾಡ್ಯೂಲ್ ಕಪಾಟು ಸೇರುತ್ತದೆ.

ಯಾಕೆ ಹೀಗೆ ಎಂದು ತಿಳಿಯಲು ಒಳಗಿನ ಎರಡು ಸೆನ್ಸರ್‌ಗಳ ಸ್ವಭಾವ ಗೊತ್ತಿರಬೇಕು. ಆಕ್ಸೆಲೆರೋಮೀಟರ್‌ಗೆ ಗುರುತ್ವ ಗೊತ್ತು. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವಾಗ 1 ಜಿ, ಅಂದರೆ ಭೂಮಿಯ ಗುರುತ್ವದಷ್ಟು, ತೋರಿಸುತ್ತದೆ, ಕೈಜಾರಿ ಕೆಳಗೆ ಬೀಳುತ್ತಿರುವ ಗಳಿಗೆಯಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ನೆಲ ಯಾವ ಕಡೆಗಿದೆ ಎಂದು ಅದನ್ನು ಕೇಳಬಹುದು. ಆದರೆ ಕಂಟ್ರೋಲರನ್ನು ನೆಟ್ಟಗೆ ಹಿಡಿದು ಎಡಕ್ಕೋ ಬಲಕ್ಕೋ ತಿರುಗಿಸಿದರೆ ಗುರುತ್ವದ ದಿಕ್ಕು ಬದಲಾಗುವುದಿಲ್ಲವಲ್ಲ, ಹಾಗಾಗಿ ಆ ತಿರುವು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೈರೋ ತಿರುಗುವ ವೇಗವನ್ನು ಹೇಳುತ್ತದೆ, ಸೆಕೆಂಡಿಗೆ ಇಷ್ಟು ಡಿಗ್ರಿ ಅಂತ. ಅದಕ್ಕೆ ನೆಲವೂ ಗೊತ್ತಿಲ್ಲ, ದಿಕ್ಕೂ ಗೊತ್ತಿಲ್ಲ.

2006ರ ನವೆಂಬರ್‌ನಲ್ಲಿ ನಿಂಟೆಂಡೊ ಕಂಪನಿಯ ವೀ ಗೇಮ್ ಕನ್ಸೋಲ್ ಬಂದಾಗ ಅದರ ರಿಮೋಟ್‌ನಲ್ಲಿ ಗೈರೋ ಇರಲಿಲ್ಲ. ಮೂರು ಅಕ್ಷಗಳ ಆಕ್ಸೆಲೆರೋಮೀಟರ್ ಇತ್ತು, ಮೂತಿಯಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಇತ್ತು. ಟಿವಿಯ ಮುಂದಿಡುವ 'ಸೆನ್ಸರ್ ಬಾರ್' ಏನನ್ನೂ ಗ್ರಹಿಸುತ್ತಿರಲಿಲ್ಲ. ಅದರ ಎರಡು ತುದಿಗಳಲ್ಲಿ ಇನ್‌ಫ್ರಾರೆಡ್ ದೀಪಗಳಿದ್ದವು, ಅಷ್ಟೇ. ಅದರ ಬದಲು ಎರಡು ಮೇಣದ ಬತ್ತಿ ಹಚ್ಚಿಟ್ಟರೂ ರಿಮೋಟ್ ಕೆಲಸ ಮಾಡುತ್ತಿತ್ತು. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಸಿಕ್ಸ್ಆಕ್ಸಿಸ್ ಕಂಟ್ರೋಲರ್‌ನಲ್ಲಿ ಗೈರೋ ಇತ್ತು, ಆದರೆ ಒಂದೇ ಅಕ್ಷದ್ದು. 2009ರ ಜೂನ್‌ನಲ್ಲಿ ವೀ ಮೋಷನ್‌ಪ್ಲಸ್ ಬಂತು. ರಿಮೋಟ್‌ನ ಬುಡಕ್ಕೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ, ಒಳಗೆ ಮೂರೂ ಅಕ್ಷಗಳ ಗೈರೋ. ನಾವು ಇವತ್ತು ಮಾಡುವ ಮಾಡ್ಯೂಲ್‌ಗಳಿಗೆಲ್ಲ ಅದೇ ಹಿರಿಯಣ್ಣ. ಅದರ ಜೊತೆ ಬಂದ ವೀ ಸ್ಪೋರ್ಟ್ಸ್ ರೆಸಾರ್ಟ್ ಆಟ ಮೊದಲಿಗೆ ಕೇಳುತ್ತಿದ್ದದ್ದೇ, ರಿಮೋಟನ್ನು ಸಮತಟ್ಟಾದ ಜಾಗದಲ್ಲಿ ಬೋರಲು ಹಾಕಿ ಸ್ವಲ್ಪ ಹೊತ್ತು ಬಿಡಿ ಅಂತ. ಮಕ್ಕಳಿಗೆ ಅದು ಕಿರಿಕಿರಿ. ಈ ಕೆಲಸಕ್ಕೆ ಬಂದ ಮೇಲೆ ಆ ಸಾಲಿನ ಬಗ್ಗೆ ನನಗೆ ಅಪಾರ ಗೌರವ ಬಂದಿದೆ.

ತಕ್ಕಡಿಯ ಖಾಲಿ ತಟ್ಟೆ ಸಮ ನಿಂತಿದೆಯೇ ಎಂದು ನೋಡಿಕೊಳ್ಳದೆ ತೂಗಿದರೆ ಮುಂದಿನ ತೂಕವೆಲ್ಲ ತಪ್ಪು. ಗೈರೋದ ಕಥೆಯೂ ಅದೇ. ಪೂರ್ತಿ ನಿಂತಿದ್ದರೂ ಅದು ಸರಿಯಾಗಿ ಸೊನ್ನೆ ಹೇಳುವುದಿಲ್ಲ. ಹವ್ಯಾಸಿಗಳು ಇವತ್ತಿಗೂ ಬಳಸುವ ಎಂಪಿಯು-6050 ಚಿಪ್‌ನ ಡೇಟಾಶೀಟ್ (ತಯಾರಕರ ವಿವರಪಟ್ಟಿ) ಪ್ರಕಾರ ಆ ಆರಂಭದ ತಪ್ಪು ಸೆಕೆಂಡಿಗೆ 20 ಡಿಗ್ರಿಯವರೆಗೂ ಇರಬಹುದು. ಹೊಸ ಚಿಪ್‌ಗಳಲ್ಲಿ ಇದು ತುಂಬ ಕಡಿಮೆ, ಆದರೂ ಇದ್ದೇ ಇರುತ್ತದೆ. ಬೋರ್ಡ್‌ಗೆ ಬೆಸುಗೆ ಹಾಕಿದಾಗ ಒಂಚೂರು ಬದಲಾಗುತ್ತದೆ, ಬಿಸಿಯಾದರೆ ಮತ್ತೆ ಬದಲಾಗುತ್ತದೆ. ಸೆಕೆಂಡಿಗೆ ಬರೀ 0.1 ಡಿಗ್ರಿ ತಪ್ಪು ಉಳಿದರೂ ಒಂದು ನಿಮಿಷಕ್ಕೆ ತೆರೆ 6 ಡಿಗ್ರಿ ಜಾರಿರುತ್ತದೆ. ಗುರಿ ಇಟ್ಟು ಕಾಯುವ ಆಟದಲ್ಲಿ ಅಷ್ಟು ಸಾಕು, ಆಟ ಹಾಳು.

ಹಾಗಾಗಿ ಈ ರಂಗದಲ್ಲಿ ಬಹುತೇಕರು ಒಂದು ನಿಯಮ ಬಳಸುತ್ತಾರೆ: ಗೈರೋದ ಅಂಕಿ ಸ್ವಲ್ಪ ಹೊತ್ತು ಒಂದೇ ಮಟ್ಟದಲ್ಲಿ ನಿಂತರೆ ಕಂಟ್ರೋಲರ್ ಸುಮ್ಮನಿದೆ ಎಂದು ತಿಳಿದು, ಆ ಮಟ್ಟವನ್ನೇ ಹೊಸ ಸೊನ್ನೆಯಾಗಿ ತೆಗೆದುಕೊಳ್ಳುವುದು. ಆಟಗಾರನಿಗೆ ಏನೂ ಕೇಳಬೇಕಿಲ್ಲ, ತಾನಾಗಿಯೇ ಆಗುತ್ತದೆ. ನಮ್ಮ ಮಾಡ್ಯೂಲ್‌ನಲ್ಲೂ ಇದೇ ನಿಯಮವಿದ್ದಾಗ ಟೆಸ್ಟಿಂಗ್ ವಿಭಾಗದ ಸಹೋದ್ಯೋಗಿಯೊಬ್ಬರು ಬಂದು ಹೇಳಿದರು: "ಸರ್, ಮೇಜಿನ ಮೇಲಿಟ್ಟರೆ ಒಂಚೂರೂ ಜಾರಲ್ಲ. ದೂರದಲ್ಲಿ ಹೋಗ್ತಿರೋ ಗಾಡಿನ ಹಿಂಬಾಲಿಸ್ಕೊಂಡು ಹೋಗಿ ಕೈ ನಿಲ್ಲಿಸಿದ ತಕ್ಷಣ ಹಿಂದಕ್ಕೆ ಜಾರುತ್ತೆ. ಪ್ರತಿ ಸಲ."

ಆ 'ಪ್ರತಿ ಸಲ' ಅನ್ನುವ ಮಾತು ಟೆಸ್ಟಿಂಗ್‌ನವರ ಬಾಯಿಂದ ಬಂದರೆ ಅದು ಚಿನ್ನ. ಯಾವಾಗಲೋ ಒಮ್ಮೆ ಆಗುತ್ತದೆ ಎಂಬ ದೂರಿನ ಹಿಂದೆ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಅವರ ಕೈಯಲ್ಲೇ ಆಡಿಸಿ ಅಂಕಿಗಳನ್ನು ದಾಖಲಿಸಿ ಗ್ರಾಫ್ ಹಾಕಿದೆವು. ಗಾಡಿ ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಹೋಗುತ್ತಿದೆ, ಅವರ ಕೈ ಅಷ್ಟೇ ನಯವಾಗಿ ಅದರ ಜೊತೆ ತಿರುಗುತ್ತಿದೆ. ಎಡ-ಬಲದ ಗೆರೆ ಸೆಕೆಂಡಿಗೆ ಸುಮಾರು 2 ಡಿಗ್ರಿಯ ಹತ್ತಿರ ಗೀಟು ಎಳೆದ ಹಾಗೆ ಚಪ್ಪಟೆಯಾಗಿ ಹೋಗಿತ್ತು. ಮೇಜಿನ ಮೇಲಿಟ್ಟಾಗಿನ ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ ಎತ್ತರ ಬಿಟ್ಟು ಬೇರೇನೂ ವ್ಯತ್ಯಾಸ ಕಾಣದು. ಚಿಪ್‌ನ ದೃಷ್ಟಿಯಿಂದ ಎರಡೂ ಒಂದೇ: ಅಂಕಿ ನಿಂತಿದೆ, ಆದ್ದರಿಂದ ಇದೇ ಸೊನ್ನೆ. ಕೈ ನಿಜವಾಗಿ ನಿಂತಾಗ ಆ 2 ಡಿಗ್ರಿಯನ್ನು ಕಳೆದು ತೆರೆಯನ್ನು ಉಲ್ಟಾ ಎಳೆಯುತ್ತದೆ. ಗಮನಿಸಬೇಕಾದದ್ದೇನೆಂದರೆ, ಕೈ ಎಷ್ಟು ಪಳಗಿದ್ದೋ ತೊಂದರೆ ಅಷ್ಟು ಹೆಚ್ಚು. ಹೊಸಬರ ಕೈ ತಡವರಿಸುತ್ತದೆ, ಅಂಕಿ ನಿಲ್ಲುವುದಿಲ್ಲ, ನಿಯಮ ಜಾರಿಗೆ ಬರುವುದೇ ಇಲ್ಲ. ಈ ಆಟದಲ್ಲಿ ನುರಿತವರಿಗೇ ಮಾಡ್ಯೂಲ್ ಕೈಕೊಡುತ್ತಿತ್ತು.

ದಾರಿ ತೋರಿಸಿದವರು ತಂಡದ ಹಿರಿಯರು. ಗೈರೋದ ಗೆರೆಯನ್ನು ಪಕ್ಕಕ್ಕೆ ಸರಿಸಿ, ಆಕ್ಸೆಲೆರೋಮೀಟರ್‌ನ ಗೆರೆಯನ್ನು ತೆರೆಯ ತುಂಬ ಹಿಗ್ಗಿಸಿ, "ಇಲ್ಲಿ ನೋಡಪ್ಪ" ಎಂದರು. ಮೇಜಿನ ಮೇಲಿದ್ದಾಗಿನ ಗೆರೆಯಲ್ಲಿ ಇದ್ದದ್ದು ಬರೀ ಗದ್ದಲ, ತಾಳ ಇಲ್ಲದ್ದು. ಕೈಯಲ್ಲಿದ್ದಾಗಿನ ಗೆರೆಯಲ್ಲಿ ಬಹಳ ಸಣ್ಣ ಅಲೆಗಳು, ಸೆಕೆಂಡಿಗೆ ಹತ್ತರ ಆಸುಪಾಸು. ಆರೋಗ್ಯವಂತ ಮನುಷ್ಯನ ಕೈಗೂ ಕಣ್ಣಿಗೆ ಕಾಣದ ಒಂದು ನಡುಕ ಇರುತ್ತದೆ, ಸೆಕೆಂಡಿಗೆ 8ರಿಂದ 12 ಸಲ. ಎಷ್ಟೇ ಬಿಗಿಯಾಗಿ ಹಿಡಿದರೂ ಅದು ಹೋಗುವುದಿಲ್ಲ. ಅಂದರೆ ಆ ನಡುಕ ಇರುವವರೆಗೆ ಕಂಟ್ರೋಲರ್ ಜೀವಂತ ಕೈಯಲ್ಲಿದೆ, ಅಲ್ಲಿ ಸೊನ್ನೆ ಹುಡುಕಬಾರದು. ನಡುಕ ನಿಂತರೆ ಕೈ ಬಿಟ್ಟಿದೆ, ಈಗ ಹುಡುಕಬಹುದು.

ಶೋಧಿಸಿ ತೆಗೆದು ಬಿಸಾಡಬೇಕಾದ ಕಸ ಎಂದು ನಾವು ಅಲ್ಲಿವರೆಗೆ ಫಿಲ್ಟರ್ ಹಾಕುತ್ತಿದ್ದ ಅಂಶವೇ ಕೆಲಸಕ್ಕೆ ಬಂತು. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ತಿರುವು ಇದು.

ಹಾಗಂತ ಅಲ್ಲಿಗೇ ಮುಗಿಯಲಿಲ್ಲ. ಸ್ಪೀಕರ್ ಇರುವ ಮೇಜು ತಾನೇ ಅದುರುತ್ತದೆ. ಕಂಟ್ರೋಲರ್‌ನ ವೈಬ್ರೇಷನ್ ಮೋಟರ್ ಓಡುವಾಗ ಗೈರೋದ ಮಾತನ್ನು ಸೊನ್ನೆಯ ಲೆಕ್ಕಕ್ಕೆ ಹಿಡಿಯಲೇಬಾರದು. ಆ ಹೊತ್ತಿಗೆ ಹಳೆಯ ಸೊನ್ನೆಯನ್ನೇ ಹಿಡಿದುಕೊಂಡಿರುವುದು ಕ್ಷೇಮ. ಇನ್ನು ಕೆಲವರು ಗಂಟೆಗಟ್ಟಲೆ ಕಂಟ್ರೋಲರನ್ನು ಕೆಳಗಿಡುವುದೇ ಇಲ್ಲ. ಅಷ್ಟರಲ್ಲಿ ಅಂಗೈಯ ಬಿಸಿಗೆ, ಬ್ಯಾಟರಿ ಚಾರ್ಜ್ ಆಗುವ ಬಿಸಿಗೆ ಚಿಪ್ ಕಾದು ಸೊನ್ನೆ ಸರಿದಿರುತ್ತದೆ. ಅದಕ್ಕೆ ನಾವು ಮಾಡುವುದು ಇಷ್ಟು: ಪ್ರತಿ ಸಲ ಮೇಜಿನ ಮೇಲೆ ಒಳ್ಳೆಯ ಸೊನ್ನೆ ಸಿಕ್ಕಿದಾಗ ಆಗಿನ ಚಿಪ್‌ನ ಉಷ್ಣತೆಯ ಜೊತೆ ಅದನ್ನು ಬರೆದಿಟ್ಟುಕೊಳ್ಳುವುದು. ಈ ಚಿಪ್‌ಗಳೊಳಗೇ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ, ಬಹಳ ಜನ ಅದನ್ನು ಓದುವುದೇ ಇಲ್ಲ. ಹೀಗೆ ದಾಖಲೆ ಬೆಳೆದಂತೆ, ಕೈಯಲ್ಲಿರುವಾಗಲೂ ಈ ಬಿಸಿಗೆ ಈ ಸೊನ್ನೆ ಎಂದು ಅಂದಾಜು ಮಾಡಬಹುದು. ಬಳಸಿದಷ್ಟೂ ಮಾಡ್ಯೂಲ್ ಹದಕ್ಕೆ ಬರುತ್ತದೆ.

ಸೊನ್ನೆ ಸರಿಯಾದ ಮೇಲೆ ಎದುರಾಗುವ ಇನ್ನೊಂದು ತೊಡಕು ನಮ್ಮ ಕೈಯಲ್ಲೇ ಇಲ್ಲ, ಆಟದೊಳಗಿದೆ. ಮೋಷನ್ ಎಂದರೇನೆಂದು ಗೊತ್ತಿಲ್ಲದ ಆಟಕ್ಕೆ ನಮ್ಮ ಮಾಡ್ಯೂಲ್ ಬಲಗಡೆ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ನ ವೇಷ ಹಾಕಿಕೊಂಡು ಹೋಗಬೇಕು. ಸ್ಟಿಕ್ ಎಷ್ಟು ಬಾಗಿದೆಯೋ ಅಷ್ಟು ವೇಗದಲ್ಲಿ ನೋಟ ತಿರುಗುತ್ತದೆ, ಗೈರೋ ಹೇಳುವುದೂ ವೇಗವನ್ನೇ, ಹಾಗಾಗಿ ಎರಡೂ ಚೆನ್ನಾಗಿ ಹೊಂದಬೇಕು ಅನ್ನಿಸುತ್ತದೆ. ಆದರೆ ಹಳೆಯ ಸವೆದ ಸ್ಟಿಕ್‌ಗಳು ನಡುವೆ ಸರಿಯಾಗಿ ನಿಲ್ಲುವುದಿಲ್ಲವೆಂದು ಆಟಗಳು ನಡುವಿನ ಒಂದಷ್ಟು ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಡ್‌ಝೋನ್ ಅನ್ನುತ್ತಾರೆ. ನಿಧಾನವಾದ ತಿರುವೆಲ್ಲ ಅದರಲ್ಲಿ ಬಿದ್ದು ಕಾಣೆಯಾಗುತ್ತದೆ, ಮತ್ತು ಗೈರೋ ಬೇಕಾಗಿರುವುದೇ ಆ ನಿಧಾನದ ತಿರುವಿಗೆ! ಹಾಗಾಗಿ ಕೈ ಅಲುಗಿದ ಕೂಡಲೇ ಡೆಡ್‌ಝೋನ್‌ನ ಅಂಚಿಗೆ ಜಿಗಿದು ಅಲ್ಲಿಂದ ಶುರು ಮಾಡಬೇಕು. ಪ್ರತಿ ಆಟಕ್ಕೂ ಆ ಅಂಚು ಬೇರೆ. ಇಲ್ಲಿ ಸೊನ್ನೆಯ ಬೆಲೆ ಮತ್ತೆ ಏರುತ್ತದೆ: ಅಂಚಿಗೆ ಜಿಗಿಯುವ ವ್ಯವಸ್ಥೆಯಲ್ಲಿ ಅತಿ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಆಡುವವರಿಗೆ ಸ್ಟಿಕ್‌ಗಿಂತ ಮೌಸ್‌ನ ವೇಷವೇ ವಾಸಿ. ಆಟ ಒಪ್ಪುವುದಾದರೆ ಅದನ್ನೇ ಆರಿಸಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಫರ್ಮ್‌ವೇರ್‌ನವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ವಿಷಯ ಪ್ಲಾಸ್ಟಿಕ್. ಹೊರಗಿನಿಂದ ಸಿಕ್ಕಿಸಿದ ಮಾಡ್ಯೂಲ್ ಕಂಟ್ರೋಲರ್‌ನ ಮೇಲೆ ಕೂದಲೆಳೆಯಷ್ಟು ಸಡಿಲವಾಗಿದ್ದರೂ, ಟ್ರಿಗರ್ ಒತ್ತಿದಾಗ ಕಂಟ್ರೋಲರ್ ಒಂದು ರೀತಿ ಅಲುಗುತ್ತದೆ, ಒಂದು ಗಳಿಗೆ ತಡವಾಗಿ ಮಾಡ್ಯೂಲ್ ಇನ್ನೊಂದು ರೀತಿ ಅಲುಗುತ್ತದೆ. ಗುಂಡು ಹಾರಿಸುವ ಕ್ಷಣದಲ್ಲೇ ಗುರಿ ತಪ್ಪುತ್ತದೆ. ಇದನ್ನು ಕೋಡ್‌ನಲ್ಲಿ ಸರಿಪಡಿಸಲು ಹೋದರೆ ಫಿಲ್ಟರ್ ಭಾರವಾಗಿ, ಕೈಗೂ ತೆರೆಗೂ ನಡುವೆ ವಿಳಂಬ ಬರುತ್ತದೆ. ತೆಳು ರಬ್ಬರ್ ಪಟ್ಟಿ ಮತ್ತು ಬಿಗಿಯಾದ ಕೊಂಡಿಯಿಂದ ಆಗುವ ಕೆಲಸವನ್ನು ಗಣಿತಕ್ಕೆ ಹೊರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ಪಾದನೆಯ ಕಡೆಯವರಿಗೆ ಒಂದು ಮಾತು: ಬೋರ್ಡ್ ತೊಳೆಯಲು ಅಲ್ಟ್ರಾಸಾನಿಕ್ ಯಂತ್ರ ಬಳಸುವ ಮುನ್ನ ಚಿಪ್‌ನ ಡೇಟಾಶೀಟ್ ನೋಡಿ. ಗೈರೋದೊಳಗೆ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಸೂಕ್ಷ್ಮ ರಚನೆ ಇರುತ್ತದೆ, ಆ ಯಂತ್ರದ ಕಂಪನಕ್ಕೆ ಅದು ಮುರಿಯಬಹುದು.

ಈಚೆಗೆ ನನ್ನ ಗಮನವೆಲ್ಲ ಬೇರೊಂದು ಬಳಕೆಯ ಕಡೆಗಿದೆ. ಹೆಬ್ಬೆರಳಿನಿಂದ ಸ್ಟಿಕ್ ಆಡಿಸಲಾಗದವರಿಗೆ ಮೋಷನ್ ಮಾಡ್ಯೂಲ್ ದೊಡ್ಡ ಆಸರೆ. 2018ರಲ್ಲಿ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನ ಹಿಂಬದಿಯಲ್ಲಿ ಹೊರಗಿನ ಬಟನ್ ಮತ್ತು ಸ್ವಿಚ್‌ಗಳಿಗಾಗಿ 3.5 ಮಿಲಿಮೀಟರ್‌ನ ಜ್ಯಾಕ್‌ಗಳು ಸಾಲಾಗಿವೆ. ಅಂಥ ವ್ಯವಸ್ಥೆಯ ಜೊತೆ ತಲೆಗೋ ಪಾದಕ್ಕೋ ಕಟ್ಟಿದ ಸೆನ್ಸರ್ ಸೇರಿದರೆ ನೋಟ ತಿರುಗಿಸುವ ಕೆಲಸ ಬೆರಳಿಂದ ಕತ್ತಿಗೆ ವರ್ಗವಾಗುತ್ತದೆ. ಇಲ್ಲಿ ನಮ್ಮ ನಡುಕದ ನಿಯಮ ಹಾಗೆಯೇ ನಡೆಯುವುದಿಲ್ಲ. ತಲೆಗೆ ಕಟ್ಟಿದ ಮಾಡ್ಯೂಲ್ ಮೇಜು ಕಾಣುವುದೇ ಅಪರೂಪ. ಪಾರ್ಕಿನ್ಸನ್ಸ್ ಕಾಯಿಲೆ ಇರುವವರ ನಡುಕ ಸೆಕೆಂಡಿಗೆ 4ರಿಂದ 6 ಸಲ, ಅಲೆಯೂ ದೊಡ್ಡದು. ಅದನ್ನು ತೆರೆಗೆ ಹೋಗದಂತೆ ತಡೆಯಬೇಕು, ಹಾಗೆ ತಡೆಯುವಾಗ ಅವರು ಬೇಕೆಂದೇ ಮಾಡಿದ ತಿರುವು ಅದರ ಜೊತೆ ಅಳಿಸಿಹೋಗಬಾರದು. ಎಲ್ಲರಿಗೂ ಒಂದೇ ಮಿತಿ ಇಟ್ಟು ಕೈತೊಳೆದುಕೊಳ್ಳುವುದು ಇಲ್ಲಿ ಅನ್ಯಾಯವಾಗುತ್ತದೆ.

ಸದ್ಯಕ್ಕೆ ನಾವು ಮಾಡಿರುವುದು, ಸೊನ್ನೆ ಹುಡುಕುವ ಕೆಲಸವನ್ನು ಒಂದು ಹೊರಗಿನ ಸ್ವಿಚ್‌ಗೆ ಕೊಟ್ಟಿರುವುದು. ಪಾದದಿಂದಲೋ ಮೊಣಕೈಯಿಂದಲೋ, ಇಲ್ಲವೇ ಪಕ್ಕದಲ್ಲಿ ಕೂತವರು ಒತ್ತಿದರೂ ಆಗುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ನೋಟ ತಿರುಗುವುದಿಲ್ಲ, ಕತ್ತನ್ನು ಆರಾಮದ ಸ್ಥಿತಿಗೆ ತಂದುಕೊಳ್ಳಬಹುದು. ಬಿಟ್ಟ ಕಡೆಯಿಂದ ಆಟ ಮುಂದುವರಿಯುತ್ತದೆ. ಹಾಗೆ ಹಿಡಿದಿರುವಾಗಿನ ಅಂಕಿಗಳ ಸರಾಸರಿಯಿಂದ ಸೊನ್ನೆಯನ್ನು ಒಂದೇ ಏಟಿಗೆ ಬದಲಿಸದೆ ಸ್ವಲ್ಪ ಸ್ವಲ್ಪವೇ ಸರಿಸುತ್ತೇವೆ, ಕತ್ತು ಪೂರ್ತಿ ನಿಂತಿತ್ತೆಂದು ನಂಬಲಾಗದಲ್ಲ. ನಡುಕವನ್ನು ಎಷ್ಟು ತಡೆಯಬೇಕು ಎಂಬುದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ಲೈಡರ್ ಕೊಟ್ಟಿದ್ದೇವೆ, ಆಟದ ನಡುವೆಯೇ ಬದಲಿಸಿ ನೋಡಬಹುದು. ಬೆಳಗ್ಗೆಯ ಕೈ ಸಂಜೆಗೆ ಇರುವುದಿಲ್ಲ ಎಂದು ಬಳಸುವವರೇ ಹೇಳಿದ್ದರಿಂದ ಆ ಸ್ಲೈಡರ್‌ನ ಬೇರೆಬೇರೆ ಮಟ್ಟಗಳನ್ನು ಉಳಿಸಿಟ್ಟುಕೊಂಡು ಬೇಕಾದಾಗ ಒಂದೇ ಒತ್ತಿಗೆ ಕರೆಯುವ ಸೌಲಭ್ಯವನ್ನು ಈಗ ಸೇರಿಸುತ್ತಿದ್ದೇವೆ.