ನೆಲವೂ ಡೊಂಕಲ್ಲ, ಡಿಸ್ಕೂ ಡೊಂಕಲ್ಲ

ಕೊನೆಗೂ ಬ್ರೇಕ್ ಹಿಡಿಯಿತು. ಅದೂ ಒಂದೇ ತುಳಿತಕ್ಕೆ. ಇಷ್ಟು ಬರೆಯೋಕೆ ಏಳು ವಾರ ಕಾಯಬೇಕಾಯಿತು.

ಹಿಂದಿನ ಸಲ ಬರೆದಾಗ ನನ್ನ ಹಳೇ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಮುಂಭಾಗ ಪೂರ್ತಿ ಬಿಚ್ಚಿ ಗ್ಯಾರೇಜಿನ ನೆಲದ ಮೇಲೆ ಹರಡಿದ್ದೆ. 1972ರ ಮಾರ್ಕ್ ಫೋರ್. ಹುಟ್ಟಿದ್ದು ಇಲ್ಲೇ, ಇಂಗ್ಲೆಂಡಿನ ಕೊವೆಂಟ್ರಿಯ ಕ್ಯಾನ್ಲಿ ಫ್ಯಾಕ್ಟರಿಯಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆ ಜಾಗದಲ್ಲಿ ಈಗ ಅಂಗಡಿ, ಆಫೀಸು. ಬುಷ್, ಬಾಲ್ ಜಾಯಿಂಟ್, ಡ್ಯಾಂಪರ್, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತುವ ಪ್ಯಾಡ್, ಪ್ಯಾಡನ್ನು ತಳ್ಳುವ ಕ್ಯಾಲಿಪರಿನ ಸೀಲ್ ಎಲ್ಲ ಹೊಸದು ಹಾಕಿದೆ. ಅದನ್ನೆಲ್ಲ ನೀವೂ ಮಾಡಿದ್ದೀರಿ, ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು. ಬಾನೆಟ್ ಮುಂದಕ್ಕೆ ಮಗುಚಿ, ಟೈರಿನ ಮೇಲೆ ಕುಂಡೆ ಊರಿ, ಕಾಫಿ ಲೋಟ ಚಾಸಿಯ ಮೇಲಿಟ್ಟುಕೊಂಡು ಕೆಲಸ ಮಾಡುವ ಸುಖ ಬೇರೆ ಯಾವ ಕಾರಿನಲ್ಲೂ ಇಲ್ಲ.

ಟ್ರನಿಯನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಕೆಳಗಿರುವ ಕೀಲು, ಅದರ ಕಥೆ ಬೇಗ ಮುಗಿಸುತ್ತೇನೆ. ಹಳೆಯ ಮಾಲೀಕ ಯಾರೋ ಪುಣ್ಯಾತ್ಮ ಅದಕ್ಕೆ ಗ್ರೀಸ್ ತುಂಬಿದ್ದ. ಇಪಿ 90 ಗೇರ್ ಆಯಿಲ್ ಹೋಗಬೇಕಾದ ಜಾಗದಲ್ಲಿ ಹಳೇ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಒಳಗೆ ನೀರು ಸೇರಿ, ಅದರೊಳಗೆ ತಿರುಪಿನಂತೆ ಕೂರುವ ವರ್ಟಿಕಲ್ ಲಿಂಕಿನ (ಚಕ್ರ ಹೊರುವ ನಿಲುವು ಕಂಬಿಯ) ಮರೆಯೆಲ್ಲ ತುಕ್ಕು. ಇನ್ನೊಂದು ವರ್ಷ ಬಿಟ್ಟಿದ್ದರೆ ಎಲ್ಲೋ ಪಾರ್ಕ್ ಮಾಡುವಾಗ ಮುರಿದು ಚಕ್ರ ಅಡ್ಡ ಮಲಗುತ್ತಿತ್ತು. ಎರಡೂ ಕಡೆ ಲಿಂಕ್ ಸಮೇತ ಹೊಸದು ಆರ್ಡರ್ ಮಾಡಿದೆ. ಎಡಗಡೆಯದಕ್ಕೆ ಒಂದು ದಿಕ್ಕಿನ ಮರೆ, ಬಲಗಡೆಯದಕ್ಕೆ ಅದರ ಉಲ್ಟಾ, ಗೊತ್ತಲ್ವಾ? ಬಿಡಿಭಾಗ ಮಾರುವವನಿಗೆ ಗೊತ್ತಿರಲಿಲ್ಲ. ಒಂದು ಡಬ್ಬದ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ಒಳಗೆ ಎರಡೂ ಬಲ! ಅರ್ಧ ಗಂಟೆ ತಿರುಗಿಸಿ ನೋಡಿದೆ. ನನಗೇ ಎಡಬಲ ಮರೆತುಹೋಯಿತೇನೋ ಅಂತ ಅನುಮಾನ ಬಂತು. ಸರಿಯಾದದ್ದು ಬರಲು ಹದಿನೈದು ದಿನ.

ಆ ಹದಿನೈದು ದಿನ ಸುಮ್ನೆ ಕೂರಲಾಗದೆ ನಾನೊಂದು ಕೆಲಸ ಮಾಡಿದೆ. ಡಿಸ್ಕ್, ಚಕ್ರ ಎರಡೂ ಕೂರುವ ಹಬ್‌ಗಳನ್ನು ಚೆನ್ನಾಗಿ ಉಜ್ಜಿ ಬೆಳ್ಳಿ ಬಣ್ಣ ಹೊಡೆದೆ. ಇದನ್ನು ನೆನಪಿಟ್ಟುಕೊಳ್ಳಿ.

ಎಲ್ಲ ಜೋಡಿಸಿ, ಬ್ಲೀಡ್ ಮಾಡಿ, ಅಂದರೆ ಬ್ರೇಕ್ ಆಯಿಲ್‌ನೊಳಗಿನ ಗಾಳಿ ಹೊರಗೆ ಹಾಕಿ, ರಸ್ತೆಗೆ ಇಳಿಸಿದೆ. ಮೊದಲ ರೌಂಡಬೌಟ್ ದಾಟಿ ಮುಂದಿನ ಸಿಗ್ನಲ್ಲಿಗೆ ಬ್ರೇಕ್ ತುಳಿದರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು. ಎದೆ ಧಸಕ್ಕೆಂದಿತು. ತಕ್ಷಣ ಎರಡನೇ ಸಲ ತುಳಿದೆ. ಪೆಡಲ್ ಮೇಲೆಯೇ ನಿಂತಿತು, ಕಲ್ಲಿನ ಹಾಗೆ.

ಗಾಳಿ ಇರಬೇಕು ಅಂದುಕೊಂಡೆ. ಮತ್ತೆ ಬ್ಲೀಡ್ ಮಾಡಿದೆ. ಮಗಳನ್ನು ಪೆಡಲ್ ತುಳಿಯಲು ಕೂರಿಸಿದೆ, 'ತುಳಿ, ಹಿಡಿ, ಬಿಡು' ಅಂತ ನಾನು ಕೆಳಗಿಂದ ಕೂಗಿದೆ. ನಾಲ್ಕನೇ ದಿನಕ್ಕೆ ಅವಳು ಗಂಟೆಗೆ ಇಷ್ಟು ಅಂತ ಕೂಲಿ ಕೇಳಿದಳು. ಗ್ಯಾರೇಜಿನಲ್ಲಿ ಪೆಡಲ್ ಯಾವಾಗಲೂ ಗಟ್ಟಿ, ರಸ್ತೆಗೆ ಹೋದರೆ ಮೆತ್ತಗೆ. ಹಿಂದಿನ ಡ್ರಮ್ಮಿನ ಅಡ್ಜಸ್ಟರ್ ಬಿಗಿ ಮಾಡಿದೆ. ಬದಲಾಗಲಿಲ್ಲ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿದೆ. ದುಡ್ಡು ಹೋಯಿತು, ಪೆಡಲ್ ಹಾಗೇ ಇತ್ತು. ನಾಲ್ಕೂ ಹೋಸ್‌ಗಳಿಗೆ ಕ್ಲ್ಯಾಂಪ್ ಹಾಕಿ ಒಂದೊಂದೇ ಬಿಚ್ಚಿ ನೋಡಿದೆ. ಎಲ್ಲವೂ ಸರಿ. ನಿಂತ ಕಾರು ಸುಳ್ಳು ಹೇಳುತ್ತಿತ್ತು.

ಸುಳಿವು ಸಿಕ್ಕಿದ್ದು ಕೊವೆಂಟ್ರಿಯ ರಿಂಗ್ ರೋಡಿನ ಮೇಲೆ. ನೇರ ಓಡಿದಾಗ ಪೆಡಲ್ ಸ್ವಲ್ಪ ಕೆಳಗೆ. ಬಲಕ್ಕೆ ಜೋರಾಗಿ ತಿರುಗಿಸಿ ಬಂದಮೇಲೆ ಜಾಸ್ತಿ ಕೆಳಗೆ. ಬಲಕ್ಕೆ ತಿರುಗಿದರೆ ಭಾರ ಬೀಳುವುದು ಎಡ ಚಕ್ರದ ಮೇಲೆ. ಆಗ ಹಬ್ ತಿರುಗುವ ಗಿಡ್ಡ ಅಚ್ಚು, ಸ್ಟಬ್ ಆಕ್ಸಲ್, ಬಾಗುತ್ತದೆ, ಬೇರಿಂಗ್‌ನಲ್ಲಿರುವ ಕೂದಲೆಳೆಯಷ್ಟು ಆಟವೂ ಸೇರಿಕೊಳ್ಳುತ್ತದೆ, ಡಿಸ್ಕ್ ಓಲಾಡಿ ಪ್ಯಾಡನ್ನು ಒಳಕ್ಕೆ ತಳ್ಳುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಮಾಸ್ಟರ್ ಸಿಲಿಂಡರ್ ಸಣ್ಣದು. ಅಲ್ಲಿ ಚೂರು ಹಿಂದೆ ಸರಿದರೆ ಇಲ್ಲಿ ಪೆಡಲ್ ಎಷ್ಟೋ ಕೆಳಗಿಳಿಯುತ್ತದೆ. ಪೆಡಲನ್ನು ಎಡಗಾಲಿನಿಂದ ಮೆಲ್ಲಗೆ ಒಮ್ಮೆ ತಟ್ಟಿ ಆಮೇಲೆ ತುಳಿದರೆ ಸರಿಯಾಗಿ ಹಿಡಿಯುತ್ತಿತ್ತು. ಅಲ್ಲಿಗೆ ಖಚಿತವಾಯಿತು.

ಇದಕ್ಕೂ ಮೊದಲೇ ಬ್ರೇಕ್ ಹಾಕಿದಾಗ ಪಾದದ ಕೆಳಗೆ ಸಣ್ಣಗೆ ಡುಬ್ ಡುಬ್ ಅನ್ನುತ್ತಿತ್ತು. ಹೊಸ ಪ್ಯಾಡು ಕೂರಬೇಕಲ್ಲ ಅಂತ ಬಿಟ್ಟಿದ್ದೆ. ಜಾಣ!

ಡಿಸ್ಕ್ ತಿರುಗುವಾಗ ಎಷ್ಟು ಓಲಾಡುತ್ತದೆ ಅಂತ ಅಳೆಯಲು ಡಯಲ್ ಗೇಜ್ ಹಚ್ಚಿದೆ. ಬಲಗಡೆ 0.04 ಮಿ.ಮೀ. ಎಡಗಡೆ 0.21. ಒಂಬತ್ತು ಇಂಚಿನ ಡಿಸ್ಕಿಗೆ 0.05ರ ಒಳಗಿದ್ದರೆ ನನಗೆ ನಿದ್ದೆ ಬರುತ್ತದೆ. ಹೊಸ ಡಿಸ್ಕೇ ಡೊಂಕು ಅಂತ ಹೇಳಿ ಮಾರಿದವನಿಗೆ ಒಂದು ಖಾರವಾದ ಮೇಲ್ ಬರೆದೆ. ಟ್ರನಿಯನ್ ಸಿಟ್ಟೂ ಅದರಲ್ಲೇ ತೀರಿಸಿಕೊಂಡೆ. ಆತ ತುಟಿಪಿಟಕ್ಕೆನ್ನದೆ ಬೇರೆ ಡಿಸ್ಕ್ ಕಳಿಸಿದ. ಹಾಕಿ ನೋಡಿದೆ. 0.20.

ಎರಡನೇ ಡಿಸ್ಕೂ ಅಷ್ಟೇ ಡೊಂಕು ಇರಲು ಸಾಧ್ಯವಾ? ಡಿಸ್ಕಿನಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಹಬ್‌ನಲ್ಲಿ ಅದರ ಎದುರಿಗಿದ್ದ ಸ್ಟಡ್‌ಗೂ (ಚಕ್ರ ಬಿಗಿಯುವ ತಿರುಪು) ಒಂದು ಗುರುತು. ನಾಲ್ಕು ಬೋಲ್ಟ್ ಬಿಚ್ಚಿ, ಡಿಸ್ಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿದೆ. ಉಬ್ಬು ಡಿಸ್ಕಿನ ಜೊತೆ ತಿರುಗಲಿಲ್ಲ. ಅದೇ ಸ್ಟಡ್‌ನ ಪಕ್ಕದಲ್ಲೇ ನಿಂತಿತ್ತು. ಅಂದರೆ ತಪ್ಪು ಹಬ್‌ನದು.

ಡಿಸ್ಕ್ ಕೂರುವ ಮುಖವನ್ನು ಟಾರ್ಚ್ ಹಿಡಿದು ನೋಡಿದೆ. ಬೆಳ್ಳಿ ಬಣ್ಣ. ಅಂಚಿನಲ್ಲಿ ಒಂದು ತೊಟ್ಟು ಇಳಿದು, ಒಣಗಿ, ನುಣ್ಣಗೆ ಹೊಳೆಯುತ್ತಿತ್ತು. ಉಗುರಿಗೆ ಸಿಗುವಷ್ಟೇ ದಪ್ಪ. ಆದರೆ ಹಬ್‌ನ ಅಂಚಿನಲ್ಲಿ ಕೂದಲಿನಷ್ಟಿದ್ದ ಓರೆ, ಡಿಸ್ಕಿನ ಹೊರ ಅಂಚು ತಲುಪುವಷ್ಟರಲ್ಲಿ ಎರಡರಷ್ಟಾಗುತ್ತದೆ. ಲೆಕ್ಕ ಸರಿಹೋಯಿತು. ಕೂಸು ಕಂಕುಳಲ್ಲೇ ಇತ್ತು, ನಾನು ಊರೆಲ್ಲ ಹುಡುಕಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡಿಸ್ಕ್ ಡೊಂಕು ಅಂದೆ, ಅದೂ ಲಿಖಿತವಾಗಿ.

ಇನ್ನೊಂದು ಹೊಟ್ಟೆಯುರಿ ಕೇಳಿ. ಈ ಏಳು ವಾರದಲ್ಲಿ ಚೆಲ್ಲಿದ ಬ್ರೇಕ್ ಆಯಿಲ್ ಚಾಸಿಯ ಬಣ್ಣ ಕಿತ್ತಿತು, ಬಲ್ಕ್‌ಹೆಡ್ಡಿನ ಬಣ್ಣ ಕಿತ್ತಿತು, ನನ್ನ ಟೂಲ್ ಬಾಕ್ಸಿನ ಬಣ್ಣವನ್ನೂ ಬಿಡಲಿಲ್ಲ. ಕೀಳಬೇಕಾಗಿದ್ದ ಆ ಒಂದು ತೊಟ್ಟಿನ ಹತ್ತಿರ ಮಾತ್ರ ಸುಳಿಯಲಿಲ್ಲ.

ಹಬ್‌ನ ಮುಖವನ್ನು ಬರೀ ಲೋಹ ಕಾಣುವವರೆಗೆ ಉಜ್ಜಿದೆ. ಐದು ನಿಮಿಷದ ಕೆಲಸ. ಗೇಜ್ 0.04 ತೋರಿಸಿತು. ನಿನ್ನೆ ಸಂಜೆ ರಿಂಗ್ ರೋಡ್ ಮೂರು ಸುತ್ತು ಹಾಕಿದೆ, ದಾರಿಯಲ್ಲಿ ಸಿಕ್ಕ ಒಂದೂ ರೌಂಡಬೌಟ್ ಬಿಡಲಿಲ್ಲ. ಪ್ರತಿ ಸಲವೂ ಪೆಡಲ್ ಮೇಲೆಯೇ ಹಿಡಿಯಿತು. ಮಾರಿದವನಿಗೆ ಕ್ಷಮಾಪಣೆಯ ಮೇಲ್ ಬರೆದೆ. ಡಿಸ್ಕಿನ ಬಗ್ಗೆ ಮಾತ್ರ. ಟ್ರನಿಯನ್ ವಿಷಯದಲ್ಲಿ ನನ್ನ ಮಾತು ವಾಪಸ್ ಇಲ್ಲ.

ಎರಡನೇ ಬಲಗಡೆ ಟ್ರನಿಯನ್ನನ್ನು ಆತ ವಾಪಸ್ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಮೈಸೂರಿನಲ್ಲಿ ಮಾವನ ಶೆಡ್ಡಿನೊಳಗೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ, ಮದ್ರಾಸಿನಲ್ಲಿ ಮಾಡಿದ್ದು, ನಾಲ್ಕು ಬಾಗಿಲಿನದು. ಇಂಗ್ಲೆಂಡಿನವರಿಗೆ ಆ ನಾಲ್ಕು ಬಾಗಿಲಿನ ಹೆರಾಲ್ಡ್ ತೋರಿಸಿದರೆ ನಂಬುವುದೇ ಇಲ್ಲ. ಸ್ಪಿಟ್‌ಫೈರ್‌ನ ಮುಂದಿನ ಸಸ್ಪೆನ್ಷನ್ ಬಂದದ್ದೇ ಹೆರಾಲ್ಡ್‌ನಿಂದ. ಮಾವನ ಕಾರಿನ ಮುಂದೆಯೂ ಡ್ರಮ್ ಬ್ರೇಕೇ. ಡಿಸೆಂಬರಿನಲ್ಲಿ ಹೋದಾಗ ಅಳತೆ ತೆಗೆಯಬೇಕು. ಸರಿಹೋದರೆ ಇಲ್ಲಿಂದ ಒಂದು ಜೊತೆ ಲಿಂಕ್, ಹಬ್, ಕ್ಯಾಲಿಪರ್ ಒಯ್ದು ಡಿಸ್ಕ್ ಹಾಕುವ ಯೋಚನೆ ಇದೆ. 948 ಸಿಸಿ ಎಂಜಿನ್ನಿಗೆ ಅಷ್ಟು ಬ್ರೇಕ್ ಯಾಕೆ ಅಂತ ಮಾವ ಈಗಾಗಲೇ ಕೇಳಿದ್ದಾರೆ. ಚಾಮುಂಡಿ ಬೆಟ್ಟ ಇಳಿಯುವಾಗ ಹೇಳ್ತೀನಿ ಅಂದಿದ್ದೇನೆ.

ಸದ್ಯಕ್ಕೆ ಟ್ರನಿಯನ್ ಸೂಟ್‌ಕೇಸಿನಲ್ಲಿದೆ, ಕಾಲುಚೀಲದಲ್ಲಿ ಸುತ್ತಿ. ಬೆಂಗಳೂರು ಏರ್‌ಪೋರ್ಟಿನ ಕಸ್ಟಮ್ಸ್‌ನವರಿಗೆ ಇದೇನು ಅಂತ ಕನ್ನಡದಲ್ಲಿ ಹೇಗೆ ವಿವರಿಸುವುದು, ಯಾರಾದರೂ ಹೇಳಿಕೊಡಿ.