ಕಂಪನಿ ಪ್ರಾಡಕ್ಟ್ ಬಗ್ಗೆ ಬರೆಯುವಾಗ ಕೆಲಸ ಎಲ್ಲಿ ಅಂತ ಹೇಳಲೇಬೇಕಾ?

‘ಎರಡು ಲ್ಯಾಪ್‌ಟಾಪ್‌ಗೆ ಯಾವ ಬ್ಯಾಕಪ್ ಸಾಫ್ಟ್‌ವೇರ್ ಒಳ್ಳೆಯದು?’ ಎಂದು ಯಾರೋ ಆನ್‌ಲೈನ್‌ನಲ್ಲಿ ಕೇಳುತ್ತಾರೆ. ಅಂಥದ್ದನ್ನು ತಯಾರಿಸುವ ಕಂಪನಿಯಲ್ಲೇ ನೀವಿದ್ದೀರಿ. ಉತ್ತರ ಕೊಡುವಾಗ ಅದನ್ನು ಹೇಳಬೇಕಾ, ಪ್ರೊಫೈಲ್‌ನಲ್ಲಿದ್ದರೆ ಸಾಲದಾ ಎಂದು ಐಟಿ ಮಂದಿ ನನ್ನನ್ನು ಆಗಾಗ ಕೇಳುತ್ತಾರೆ.

ಹೇಳಬೇಕು, ಅದೂ ಉತ್ತರದ ಒಳಗೇ. ಗೂಗಲ್‌ನಿಂದ ನೇರ ಉತ್ತರಕ್ಕೆ ಬಂದವರು ಪ್ರೊಫೈಲ್ ತೆರೆದು ನೋಡುವುದಿಲ್ಲ. ಯಾರಾದರೂ ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರಂತೂ ಪ್ರೊಫೈಲ್ ಜೊತೆಗೆ ಹೋಗುವುದೇ ಇಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದ ನಿಯಮವೂ ಇದೇ: ನಿಮ್ಮ ಪ್ರಾಡಕ್ಟ್ ಹೆಸರೆತ್ತಿದರೆ ಸಂಬಂಧವನ್ನು ಪೋಸ್ಟ್‌ನಲ್ಲೇ ತಿಳಿಸಬೇಕು. ಇಲ್ಲದಿದ್ದರೆ ಉತ್ತರ ಎಷ್ಟೇ ಸರಿಯಿದ್ದರೂ ಸ್ಪ್ಯಾಮ್ ಎಂದು ಅಳಿಸಿಹೋಗಬಹುದು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಸೆಲೆಬ್ರಿಟಿ, ಇನ್‌ಫ್ಲುಯೆನ್ಸರ್‌ಗಳಿಗೆ ಸಂಬಂಧಿಸಿದ್ದು. ಆದರೆ ಅದರಲ್ಲೂ ತಿಳಿಸಲೇಬೇಕಾದ ಸಂಬಂಧಗಳ ಪಟ್ಟಿಯಲ್ಲಿ ಉದ್ಯೋಗ ಇದೆ.

ಬರೆಯುವುದು ಸುಲಭ: ‘ಈ ಸಾಫ್ಟ್‌ವೇರ್ ತಯಾರಿಸುವ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ನನ್ನದು. ನೀವು ಕೇಳಿದಂತೆ ಎರಡು ಲ್ಯಾಪ್‌ಟಾಪ್‌ಗೆ ಇದು ಸಾಕು. ಲಿನಕ್ಸ್‌ನಲ್ಲಿ ಮಾತ್ರ ಓಡುವುದಿಲ್ಲ.’ ನೌಕರಿ ತಿಳಿಸುವ ಸಾಲು ಪ್ರಾಡಕ್ಟ್ ಹೆಸರು ಮತ್ತು ಲಿಂಕ್‌ಗಿಂತ ಮೊದಲೇ ಬರಬೇಕು. ಕೊನೆಯಲ್ಲಿಟ್ಟರೆ ‘ಇನ್ನಷ್ಟು ಓದಿ’ಯ ಕೆಳಗೆ ಅಡಗಿಹೋಗುತ್ತದೆ. ಉತ್ತರ ಕನ್ನಡದಲ್ಲಿದ್ದರೆ ಇದೂ ಕನ್ನಡದಲ್ಲೇ ಇರಲಿ.

ಬಹಳ ಜನ ಎಡವುವುದು ‘ಅಭಿಪ್ರಾಯ ವೈಯಕ್ತಿಕ’ ಎಂಬ ಸಾಲಿನಲ್ಲಿ. ಅಭಿಪ್ರಾಯ ನಿಮ್ಮದೇ ಇರಬಹುದು, ಆದರೆ ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದು ಓದುಗರಿಗೆ ಅದರಿಂದ ತಿಳಿಯುವುದಿಲ್ಲ. ಪ್ರತಿಸ್ಪರ್ಧಿ ಪ್ರಾಡಕ್ಟ್‌ನ ಕೊರತೆ ಎತ್ತಿ ತೋರಿಸುವಾಗಲೂ ನೌಕರಿ ವಿಷಯ ಹೇಳಲೇಬೇಕು. ಇದನ್ನು ಮರೆಯುವವರೇ ಹೆಚ್ಚು. ಟೀಮ್ ಗ್ರೂಪಿನಲ್ಲಿ ನಿಮ್ಮ ಉತ್ತರದ ಲಿಂಕ್ ಹಾಕಿ ‘ಎಲ್ಲರೂ ಅಪ್‌ವೋಟ್ ಮಾಡಿ’ (ಮೆಚ್ಚುಗೆಯ ಮತ ಹಾಕಿ) ಅನ್ನುವುದಂತೂ ಶುದ್ಧ ಮೋಸ. ನೌಕರಿಗೆ ಸಂಬಂಧವೇ ಇಲ್ಲದ, ಜಾವಾ ಲೂಪ್‌ನಂಥ ಸಾಮಾನ್ಯ ಪ್ರೋಗ್ರಾಮಿಂಗ್ ಪ್ರಶ್ನೆಗೆ ಇದ್ಯಾವುದೂ ಬೇಡ.

ಬೆಂಗಳೂರಿನಲ್ಲಿ ಕಾಂಟ್ರ್ಯಾಕ್ಟ್ ಮೇಲಿರುವವರು ಬಹಳ. ಸಂಬಳ ಕೊಡುವುದು ಒಂದು ಕಂಪನಿ, ಕೆಲಸ ಅದರ ಕ್ಲೈಂಟ್‌ಗೆ. ಓದುಗರಿಗೆ ಬೇಕಾದದ್ದು ಪ್ರಾಡಕ್ಟ್ ಜೊತೆಗಿನ ನಂಟು: ‘ಇದನ್ನು ತಯಾರಿಸುವ ಕಂಪನಿಗೆ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತೇನೆ’ ಎಂದರೆ ಸಾಕು. ಕ್ಲೈಂಟ್ ಯಾರೆಂಬುದನ್ನು ಹೇಳಕೂಡದು ಎಂದು ಒಪ್ಪಂದದಲ್ಲಿದ್ದರೆ ಆ ಪ್ರಶ್ನೆಗೆ ಉತ್ತರಿಸಲು ಹೋಗಬೇಡಿ. ಕಂಪನಿ ಬಿಟ್ಟರೂ ಅದರ ಶೇರುಗಳು ಇನ್ನೂ ನಿಮ್ಮ ಕೈಯಲ್ಲಿದ್ದರೆ ಅದನ್ನೂ ಬರೆಯಿರಿ.